ಎದ್ದರೆ ಮುರಿಯುವ ನ್ಯಾಯ

ಉದ್ದನಪಲ್ಲಿಯ ಪಕ್ಕದ ಆ ಊರಿನಲ್ಲಿ ಕಳ್ಳತನಕ್ಕೆ ಕ್ಷಮೆಯಿತ್ತು, ಸುಳ್ಳು ಸಾಕ್ಷಿಗೆ ಕ್ಷಮೆಯಿತ್ತು, ನ್ಯಾಯಕ್ಕೆ ಕೂತ ಯಜಮಾನ ನಡುವೆ ಎದ್ದರೆ ಮಾತ್ರ ಕ್ಷಮೆಯಿರಲಿಲ್ಲ. ಹುಣಸೆಮರದ ಕಟ್ಟೆಯ ಮೇಲೆ ಒಂದು ಸಲ ಕುಂಡಿ ಊರಿದರೆ ತೀರ್ಪು ಹೇಳಿಯೇ ಏಳಬೇಕು. ಎದ್ದನೋ, ನ್ಯಾಯ ಮುರಿಯಿತು, ಮತ್ತೆ ಮೊದಲಿನಿಂದ ಶುರು. ಈ ಕಟ್ಟಳೆ ಮಾಡಿದ ಮಹಾನುಭಾವರು ಯಾರೋ, ಅವರ ಹೊಟ್ಟೆ ತಣ್ಣಗಿರಲಿ. ಅವರು ನೀರು ಕುಡಿಯುತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ.

ಆಗ ಯಜಮಾನನಾಗಿದ್ದವನು ಮುನಿವೆಂಕಟಪ್ಪ, ಐವತ್ತೆಂಟರ ಆಸಾಮಿ. ಅವನ ತಾತ ಒಂದು ಬದುವಿನ ತಕರಾರಿನಲ್ಲಿ ಎರಡು ಹಗಲು ಅಲ್ಲಾಡದೆ ಕೂತಿದ್ದನೆಂಬುದು ಊರಿನ ಕೂಸಿಗೂ ಗೊತ್ತಿದ್ದ ಕತೆ. ಹಿರಿಯರಿಂದ ಮುನಿವೆಂಕಟಪ್ಪನಿಗೆ ಬಂದದ್ದು ಮೂರೆಕರೆ ಹೊಲ ಮತ್ತು ಈ ಕತೆ. ಹೊಲಕ್ಕಿಂತ ಕತೆಯನ್ನೇ ಅವನು ಹೆಚ್ಚು ಉಳುತ್ತಿದ್ದ.

ಎಪ್ಪತ್ತೊಂಬತ್ತನೇ ಇಸವಿಯ ಬೇಸಿಗೆಯಲ್ಲಿ ಅವನ ಕಾಲು ಊದಿಕೊಂಡವು. ಹತ್ತು ಹೆಜ್ಜೆ ನಡೆದರೆ ಏದುಸಿರು. ಅಂಗಾತ ಮಲಗಿದರೆ ಉಸಿರು ಕಟ್ಟುತ್ತಿದ್ದರಿಂದ ರಾಗಿ ಮೂಟೆಗೆ ಒರಗಿಕೊಂಡೇ ನಿದ್ದೆ. ಹೆಂಡತಿ ಪಿಳ್ಳಮ್ಮ ಅವನನ್ನು ಬಸ್ಸು ಹತ್ತಿಸಿ ಹೊಸೂರಿಗೆ ಕರೆದುಕೊಂಡು ಹೋದಳು. ಡಾಕ್ಟರು ತಮಿಳಿಗೆ ಒಂದಿಷ್ಟು ಕನ್ನಡ ಕಲಸಿ ಹೇಳಿದರು: "ಹಾರ್ಟ್ ವೀಕ್ ಆಗಿದೆ ಪೆರಿಯವರೇ. ನೀರು ಮೈಯಲ್ಲೇ ನಿಂತುಬಿಡ್ತಿದೆ. ಈ ಮಾತ್ರೆ ದಿನಾ ಬೆಳಿಗ್ಗೆ ಒಂದು. ಒಂದಕ್ಕೆ ಜಾಸ್ತಿ ಹೋಗುತ್ತೆ, ಹೋಗ್ಲಿ. ಬಿಟ್ಟರೆ ಮಾತ್ರ ನೀರು ಎದೆಗೇರುತ್ತೆ. ಆಮೇಲೆ ನನ್ನ ಹತ್ರ ಬಂದು ಪ್ರಯೋಜನ ಇಲ್ಲ."

ಡಾಕ್ಟರ 'ಜಾಸ್ತಿ' ಬಹಳ ಕಡಿಮೆ ಮಾತಾಯಿತು. ನುಂಗಿದ ಅರ್ಧ ಗಂಟೆಗೆ ಶುರುವಾದರೆ ಮಧ್ಯಾಹ್ನದವರೆಗೆ ಮುನಿವೆಂಕಟಪ್ಪನಿಗೆ ಜಗಲಿಯಿಂದ ಬೇಲಿಗೆ, ಬೇಲಿಯಿಂದ ಜಗಲಿಗೆ ಓಡುವುದೇ ಕೆಲಸ. ಬಾಯಿ ಒಣಗುವುದು, ಮೀನಖಂಡ ಹಿಡಿದುಕೊಳ್ಳುವುದು ಬೇರೆ. ರಾಯಕೋಟೆ ಬಸ್ಸನ್ನು ಎರಡು ಸಲ ನಿಲ್ಲಿಸಿದ್ದಕ್ಕೆ ಕಂಡಕ್ಟರು ಮೂರು ಭಾಷೆಯಲ್ಲಿ ಬೈದ. ಆದರೆ ಹತ್ತು ದಿನದಲ್ಲಿ ಊತ ಇಳಿಯಿತು, ಮುನಿವೆಂಕಟಪ್ಪ ಮೂಟೆ ಬಿಟ್ಟು ಚಾಪೆಯ ಮೇಲೆ ಮಲಗಿದ. ಪಿಳ್ಳಮ್ಮ ಡಾಕ್ಟರ ಹೆಸರಿನಲ್ಲಿ ಮುನೇಶ್ವರನಿಗೆ ಒಂದು ತೆಂಗಿನಕಾಯಿ ಒಡೆದಳು.

ಹನ್ನೊಂದನೆಯ ದಿನ ನ್ಯಾಯ ಬಂತು. ಅಣ್ಣ ಚಿನ್ನಪ್ಪನ ಹಲಸಿನ ಮರದ ಒಂದು ಕೊಂಬೆ ತಮ್ಮ ಶ್ಯಾಮಣ್ಣನ ಹಿತ್ತಲಿಗೆ ಬಾಗಿತ್ತು, ಹಣ್ಣು ಯಾರದೆಂದು ಜಗಳ. ಮಾತ್ರೆ ನುಂಗಿ ಕಟ್ಟೆಗೆ ಹೋದರೆ ಗತಿಯೇನು? ಸಂಜೆ ನುಂಗಿದರೆ ಇರುಳೆಲ್ಲ ಜಾಗರಣೆ. ಒಂದು ದಿನಕ್ಕೇನು ಪ್ರಾಣ ಹೋಗುತ್ತದೆಯೇ ಎಂದುಕೊಂಡು ಮುನಿವೆಂಕಟಪ್ಪ ಆ ದಿನದ ಮಾತ್ರೆಯನ್ನು ದೇವರ ಪಟದ ಹಿಂದೆ ಸೇರಿಸಿದ. ಸಂಜೆ ತೀರ್ಪಾದರೆ ಬೆಳಿಗ್ಗೆ ಅದೇ ಅಣ್ಣತಮ್ಮಂದಿರು ಹೊಸ ದೂರು ತರುತ್ತಿದ್ದರು. ಹಲಸಿನ ಹಣ್ಣು ಮರದಲ್ಲೇ ಕೊಳೆತು ಬಿತ್ತು, ಜಗಳ ಮುಗಿಯಲಿಲ್ಲ. ಯಜಮಾನ ಮತ್ತೆ ತಾತನಂತೆ ಕೂರುತ್ತಿದ್ದಾನೆಂಬ ಸುದ್ದಿ ಹಬ್ಬಿ, ಕೋಳಿ ಪಕ್ಕದ ಮನೆಯಲ್ಲಿ ಮೊಟ್ಟೆಯಿಟ್ಟ ತಕರಾರೂ ಕಟ್ಟೆಗೆ ಬಂತು. ಅವನಿಗೋ ಪರಮಾನಂದ.

ಒಂದು ಭಾನುವಾರ ಪಟ ಒರೆಸಲು ಹೋದ ಪಿಳ್ಳಮ್ಮನ ಕೈಗೆ ಹದಿನೇಳು ಮಾತ್ರೆ ಸಿಕ್ಕವು.

"ಇದೇನು, ದೇವ್ರು ನುಂಗ್ಲಿ ಅಂತ ಇಕ್ಕಿದ್ದೀಯಾ?"

"ನಿಂಗೊತ್ತಾಗಲ್ಲ, ಸುಮ್ಕಿರೇ. ಗಳಿಗೆಗೊಂದ್ಸಲ ಎದ್ದೋದ್ರೆ ಊರು ನಗಲ್ವಾ? ಸತ್ರೂ ಮರ್ವಾದೆಯಾಗಿ ಸಾಯ್ತೀನಿ."

"ಸಾಯೋನು ನೀನು. ಕುಂಕುಮ ಅಳಿಸ್ಕೊಳ್ಳೋಳು ನಾನು."

ಅವಳು ಕೂತು ಅವನ ಕಣಕಾಲನ್ನು ಹೆಬ್ಬೆರಳಿನಿಂದ ಒತ್ತಿದಳು. ಹಸಿ ಗೋಡೆಗೆ ಬೆರಳಿಟ್ಟಂತೆ ಗುಂಡಿ ಬಿತ್ತು, ಎಷ್ಟು ಹೊತ್ತಾದರೂ ತುಂಬಲಿಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದ ಗಂಡ, ಬೈದರೂ ಬಡಿದಾಡಿದರೂ ಅವನು ಬೇಕು. ಅಳು ಬಂತು, ಅದರ ಹಿಂದೆಯೇ ಕೋಪ ಬಂತು. ಕೋಪವೇ ಗೆದ್ದಿತು.

ಮಾರನೆಯ ಬೆಳಿಗ್ಗೆ ಮುನಿವೆಂಕಟಪ್ಪ ಕಟ್ಟೆಯ ನಡುವೆ ಕೂತಿದ್ದ. ಪಕ್ಕದಲ್ಲಿ ಎಪ್ಪತ್ತು ದಾಟಿದ ಬಚ್ಚಪ್ಪ, ಮತ್ತಿಬ್ಬರು ಹಿರಿಯರು. ಯಜಮಾನ ಏಳುವವರೆಗೆ ಅವರೂ ಏಳುವಂತಿರಲಿಲ್ಲ. ತಲೆ ಮೇಲೆ ಸೆರಗು ಹೊದ್ದು, ತಟ್ಟೆ ಹಿಡಿದು ಪಿಳ್ಳಮ್ಮ ಬಂದಳು. ದೂರು ತಂದವರು ಯಜಮಾನನ ಮುಂದೆ ತಾಂಬೂಲ ಇಡಬೇಕು, ಇಟ್ಟದ್ದನ್ನು ಅವನು ಬಾಯಿಗೆ ಹಾಕಿಕೊಂಡ ಮೇಲೆಯೇ ದೂರು ಹೇಳುವುದು. ಬೇಡವೆಂದರೆ ಕೇಳುವ ಮೊದಲೇ ಪಕ್ಷ ವಹಿಸಿದನೆಂದು ಅರ್ಥ. ಪಿಳ್ಳಮ್ಮನ ತಟ್ಟೆಯಲ್ಲಿ ಎರಡು ವೀಳ್ಯದೆಲೆ, ಒಂದು ಅಡಿಕೆ, ಅದರ ಮೇಲೆ ಒಂದು ಬಿಳಿ ಮಾತ್ರೆ ಇದ್ದವು. ಜೊತೆಗೆ ಚೊಂಬಿನಲ್ಲಿ ನೀರು.

"ಯಾರ ಮ್ಯಾಲಮ್ಮ ದೂರು?" ಎಂದ ಬಚ್ಚಪ್ಪ.

"ನಮ್ಮನೆಯೋರ ಮ್ಯಾಲೆ, ಮಾವ. ಮೊದ್ಲು ತಾಂಬೂಲ ತಕ್ಕೊಳ್ಳಾಕೇಳಿ."

ಮುನಿವೆಂಕಟಪ್ಪನಿಗೆ ಅತ್ತ ದರಿ, ಇತ್ತ ಪುಲಿ. ನುಂಗದಿದ್ದರೆ ಒಂದು ಕಟ್ಟಳೆ ಮುರಿಯುತ್ತದೆ, ನುಂಗಿದರೆ ಇನ್ನೊಂದು. ಊರೆಲ್ಲ ನೋಡುತ್ತಿತ್ತು. ಅವನು ನುಂಗಿದ.

ಪಿಳ್ಳಮ್ಮ ಸೆರಗು ಸರಿಮಾಡಿಕೊಂಡು ನಿಧಾನವಾಗಿ ಕೂತಳು. ದೂರು ಅವಳ ಮದುವೆಯ ಚಪ್ಪರದಿಂದ ಶುರುವಾಯಿತು. ಅಪ್ಪ ಕೊಟ್ಟ ಹಸು ಯಾವ ಬಣ್ಣದ್ದು, ಅದು ಎಷ್ಟು ಕರು ಹಾಕಿತು, ಯಾವುದನ್ನೂ ಬಿಡಲಿಲ್ಲ. ಮಾತ್ರೆಯ ವಿಷಯಕ್ಕೆ ಬರುವಷ್ಟರಲ್ಲಿ ಯಜಮಾನ ಮಂಡಿಗೆ ಮಂಡಿ ಒತ್ತಿಕೊಂಡಿದ್ದ. ಉಳಿದ ಹದಿನಾರು ಮಾತ್ರೆಗಳನ್ನು ಅವಳು ಕಟ್ಟೆಯ ಕಲ್ಲಿನ ಮೇಲೆ ಸುರಿದಳು.

"ಈ ಕಟ್ಟೆ ನನ್ ಗಂಡನ್ನ ತಿಂತಾ ಐತೆ, ಮಾವ. ನಾಳೆ ತಮಟೆ ಬಡಿಸ್ಕಂಡು ಮರ್ವಾದೆಯಾಗಿ ಹೊತ್ಕಂಡೋಗ್ತೀರ. ಆಮೇಲೆ ಆ ಮರ್ವಾದೆ ನನ್ ಜೊತೆ ಕೂತು ಮುದ್ದೆ ಉಣ್ತದಾ?"

ಬಚ್ಚಪ್ಪ ಗಂಟಲು ಸರಿಮಾಡಿಕೊಂಡ. "ಕಟ್ಟಳೆ ಕಣಮ್ಮ. ಇವ್ರ ತಾತ ಎರಡು ದಿನ ಕೂತಿದ್ರು."

"ಕೂತಿದ್ರು. ಕಂಬ್ಳಿ ಒಳಗೆ ಸೋರೆಬುರುಡೆ ಇಕ್ಕಂಡು ಕೂತಿದ್ರು. ಅದನ್ನ ತೊಳೆದೋರು ನಮ್ಮತ್ತೆ. ಸಾಯೋ ಮುಂಚೆ ನಂಗೇಳವ್ರೆ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದು ಟವಲಿನಲ್ಲಿ ಬಾಯಿ ಮುಚ್ಚಿಕೊಂಡ. ಮುನಿವೆಂಕಟಪ್ಪನ ಪಾಲಿಗೆ ಇನ್ನು ಉಳಿದದ್ದು ಮೂರೆಕರೆ ಹೊಲ ಮಾತ್ರ. ಅವನಿಗೆ ಸಿಟ್ಟು ಬರಬೇಕಿತ್ತು, ಆದರೆ ಸಿಟ್ಟಿಗೆ ಪುರುಸೊತ್ತಿರಲಿಲ್ಲ.

"ಇನ್ನೂ ಐತೆ. ನಮ್ಮ ದೊಡ್ಡ ಮಗಳ ಬಾಣಂತನದಾಗೆ..." ಎಂದು ಪಿಳ್ಳಮ್ಮ ಮುಂದುವರಿಸಿದಳು.

"ಸಾಕು," ಎಂದ ಯಜಮಾನ. ಹಣೆಯಲ್ಲಿ ಬೆವರು ಮೂಡಿತ್ತು. "ಮುನಿವೆಂಕಟಪ್ಪಂದೇ ತಪ್ಪು. ಇನ್ಮ್ಯಾಲೆ ದಿನಾ ಮಾತ್ರೆ ನುಂಗ್ಬೇಕು. ನಡುವೆ ಒಂದಕ್ಕೆದ್ದೋದ್ರೆ ನ್ಯಾಯ ಮುರಿಯಲ್ಲ. ಇದೇ ತೀರ್ಪು."

ಆ ಕಟ್ಟೆಯಲ್ಲಿ ಅಷ್ಟು ಬೇಗ ಹುಟ್ಟಿದ ತೀರ್ಪು ಅದಕ್ಕೆ ಮೊದಲು ಇರಲಿಲ್ಲ. ಹೇಳಿದವನು ಪಂಚೆ ಎತ್ತಿಕಟ್ಟಿ ಕಳ್ಳಿ ಬೇಲಿಯ ಹಿಂದಕ್ಕೆ ನಡೆದ, ನಡೆದ ಎನ್ನುವುದು ಮರ್ಯಾದೆಯ ಮಾತು. ಅಲ್ಲಿ ನಿಂತು ಉಸಿರು ಬಿಡುವಷ್ಟರಲ್ಲಿ ಪಕ್ಕದಲ್ಲಿ ಯಾರೋ ಬಂದು ನಿಂತರು. ತಿರುಗಿ ನೋಡಿದರೆ ಬಚ್ಚಪ್ಪ. ಅವನ ಆಚೆ ಉಳಿದಿಬ್ಬರು ಹಿರಿಯರೂ ಸಾಲಾಗಿ ನಿಂತಿದ್ದರು. ಕಟ್ಟೆಯ ಮೇಲೆ ಒಬ್ಬನೂ ಉಳಿದಿರಲಿಲ್ಲ.

ಬಚ್ಚಪ್ಪ ಕಣ್ಣು ಮುಚ್ಚಿಕೊಂಡೇ ಹೇಳಿದ: "ಮೂವತ್ತು ವರ್ಸದಿಂದ ಬಿಗಿಹಿಡ್ಕಂಡು ಕೂತಿದ್ದೀನಿ ಕಣ್ಲಾ. ನಿನ್ನೆಂಡ್ರು ಒಸಿ ಮುಂಚೆ ಬರಬಾರ್ದಿತ್ತಾ?"