ಟ್ರಂಕಿನಲ್ಲಿದ್ದ ಪಂಪು

ಹೇಮಶ್ರೀ ಆರು ತಿಂಗಳಿಂದ ಹುಡುಕುತ್ತಿದ್ದ ಪಂಪು ಪಾಲಹಳ್ಳಿಯ ಅವಳ ತವರುಮನೆಯಲ್ಲೇ ಇತ್ತು. ಅಪ್ಪನ ಕಬ್ಬಿಣದ ಟ್ರಂಕಿನ ತಳದಲ್ಲಿ, ಹಳೆಯ ಖಾಕಿ ಅಂಗಿಯ ತೋಳಿನೊಳಗೆ. ಇದು ಹೊನ್ನಪ್ಪನಿಗೆ ಗೊತ್ತಿತ್ತು. ಗೊತ್ತಿದ್ದೂ ಅವನು ಪ್ರತಿ ಭಾನುವಾರ ಮಗಳ ಸ್ಕೂಟರಿನ ಹಿಂದೆ ಕೂತು ಹುಡುಕಲು ಹೋಗುತ್ತಿದ್ದ. ಅಂಥದೇ ಇನ್ನೊಂದು ಎಲ್ಲಾದರೂ ಸಿಕ್ಕಿಬಿಟ್ಟರೆ ಇದನ್ನು ಹೊರಗೆ ತೆಗೆಯುವ ಪ್ರಮೇಯವೇ ಬರುವುದಿಲ್ಲ. ಹಾಗಾಗಿ ಎಪ್ಪತ್ತಾರರ ಹೊನ್ನಪ್ಪ ಗುಜರಿ ಅಂಗಡಿಗಳಲ್ಲಿ ಮಂಡಿಯೂರಿ, ಮಗಳಿಗಿಂತ ಹೆಚ್ಚು ಶ್ರದ್ಧೆಯಿಂದ ತುಕ್ಕು ಕಬ್ಬಿಣ ಕೆದಕುತ್ತಿದ್ದ.

ಪಂಪು ಬೇಕಾಗಿದ್ದುದು ಅರವತ್ತೆರಡನೇ ಇಸವಿಯ ಒಂದು ಬೆಡ್‌ಫೋರ್ಡ್ ಫೈರ್ ಗಾಡಿಗೆ. ಪೆಟ್ರೋಲ್ ಎಂಜಿನ್ನು. ಹನ್ನೊಂದು ವರ್ಷ ಅದನ್ನು ಓಡಿಸಿದವನು ಹೊನ್ನಪ್ಪ. ಮೂಲೆಗೆ ಬಿದ್ದ ಮೇಲೆ ಅದನ್ನು ಪಾಂಡವಪುರದ ಒಂದು ಐಟಿಐಗೆ ಕಲಿಯುವವರಿಗೆಂದು ಕೊಟ್ಟಿದ್ದರು. ಯಾರೂ ಕಲಿಯಲಿಲ್ಲ. ಚಕ್ರಗಳು ಮಣ್ಣಿಗಿಳಿದವು, ಡ್ರೈವರ್ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತು. ಅದೇ ಐಟಿಐಗೆ ಹೇಮಶ್ರೀ ಮೋಟಾರ್ ಮೆಕ್ಯಾನಿಕ್ ಕಲಿಸುವ ಟೀಚರಾಗಿ ಬಂದಳು. ಮನೆಯ ಗೋಡೆಯ ಫೋಟೋದಲ್ಲಿ ಅಪ್ಪ ಬಾನೆಟ್ಟಿನ ಮೇಲೆ ಕೈಯಿಟ್ಟು ನಿಂತಿದ್ದ ಗಾಡಿ ಇದೇ ಎಂದು ನಂಬರು ನೋಡಿ ಗುರುತು ಹಿಡಿದವಳು ಅವತ್ತೇ ಕೋಳಿಯನ್ನು ಎಬ್ಬಿಸಿ ಓಡಿಸಿದಳು.

ಎಂಜಿನ್ ಬಿಚ್ಚಿ ತೊಳೆದಳು. ಮೈಸೂರಿಗೆ ಹೋಗಿ ಸೆಲ್ಫ್ ಸ್ಟಾರ್ಟಿನ ಮೋಟಾರಿಗೆ ಹೊಸ ತಂತಿ ಸುತ್ತಿಸಿ ತಂದಳು. ಎಲ್ಲ ಆಯಿತು. ಟ್ಯಾಂಕಿನಿಂದ ಪೆಟ್ರೋಲನ್ನು ಎಂಜಿನ್ನಿಗೆ ಎಳೆದುಕೊಡುವ ಅಂಗೈಯಗಲದ ಆ ಪಂಪೊಂದು ಇರಲಿಲ್ಲ. ಅದಿರಬೇಕಾದ ಜಾಗದಲ್ಲಿ ಎರಡು ಬೋಲ್ಟಿನ ತೂತು ಮಾತ್ರ. ಏಪ್ರಿಲ್ ಹದಿನಾಲ್ಕಕ್ಕೆ ಅಗ್ನಿಶಾಮಕ ದಿನ. ಅವತ್ತು ಗಾಡಿ ತನ್ನ ಎಂಜಿನ್ನಿನಲ್ಲೇ ಐಟಿಐ ಗೇಟು ದಾಟಿದರೆ ಠಾಣೆಯ ಮುಂದೆ ನಿಲ್ಲಿಸಿಕೊಳ್ಳುತ್ತೇವೆ ಎಂದು ಅಗ್ನಿಶಾಮಕ ಠಾಣೆಯ ಸಾಹೇಬರು ಒಪ್ಪಿದ್ದರು. ದಾಟದಿದ್ದರೆ ಶೆಡ್ಡಿನ ಉಳಿದ ಕಬ್ಬಿಣದ ಜೊತೆ ಹರಾಜು.

"ಕರೆಂಟಿನ ಪಂಪು ಸಿಕ್ತದಲ್ಲ ಮಗಾ, ಅದ್ನೇ ಹಾಕ್ಬುಡು," ಎಂದು ಹೊನ್ನಪ್ಪ ನಾಲ್ಕೈದು ಸಲ ಹೇಳಿದ್ದ.

"ಪ್ಲಾಸ್ಟಿಕ್ ಡಬ್ಬಿ ಹಾಕುದ್ರೆ ಅದು ನಿನ್ ಗಾಡಿ ಆಯ್ತದಾ? ನಿನ್ ಹೆಸ್ರು ಕೆಡಿಸಿದ್ದೇ ಆ ಪಂಪು ಕಣಪ್ಪ. ಅದೇ ಜಾಗಕ್ಕೆ ಅಂಥದ್ದೇ ಕೂರ್ಸಿ, ನಿನ್ ಕೈಲೇ ಸ್ಟಾರ್ಟ್ ಮಾಡುಸ್ತೀನಿ. ಊರೋರೆಲ್ಲ ನೋಡ್ಲಿ."

ಊರಿನವರು ಅವನಿಗೆ ಇಟ್ಟಿದ್ದ ಹೆಸರು 'ನಿಂತೋದ ಗಾಡಿ ಹೊನ್ನಪ್ಪ'.

ಮೂವತ್ತಾರು ವರ್ಷದ ಹಿಂದೆ, ಹೇಮಶ್ರೀ ಇನ್ನೂ ತೊಟ್ಟಿಲಲ್ಲಿದ್ದಾಗ, ಒಂದು ಮಧ್ಯಾಹ್ನ ಹೊಣಕೆರೆ ಕಡೆಯಿಂದ ಫೋನು ಬಂತು. ಮಾದಮ್ಮ ಎಂಬಾಕೆಯ ಹುಲ್ಲಿನ ಮೆದೆಗೆ ಬೆಂಕಿ. ಗಾಡಿ ಹೊರಟು ಒಂದು ಕಿಲೋಮೀಟರ್ ದಾಟುವಷ್ಟರಲ್ಲಿ ಕೆಮ್ಮಿ ನಿಂತಿತು. ಹೊನ್ನಪ್ಪ ಹ್ಯಾಂಡಲ್ ಹಾಕಿ ತಿರುಗಿಸಿದ, ಪ್ಲಗ್ ಬಿಚ್ಚಿದ, ಬೆವೆತ. ಉಳಿದ ಸಿಬ್ಬಂದಿ ಬಕೆಟ್ಟು ಹಿಡಿದು ಯಾವುದೋ ಕಬ್ಬಿನ ಲಾರಿ ಹತ್ತಿ ಹೋದರು. ಒಬ್ಬನೇ ಉಳಿದ ಮೇಲೆ, ಸ್ಪ್ಯಾನರಿಗೆಂದು ಸೀಟಿನ ಕೆಳಗೆ ಕೈ ಹಾಕಿದಾಗ ಬೆರಳಿಗೆ ಕಾಕು ತಾಗಿತು, ಟ್ಯಾಂಕಿನಿಂದ ಬರುವ ಪೆಟ್ರೋಲನ್ನು ಬಿಡುವ, ನಿಲ್ಲಿಸುವ ತಿರುಪು. ಮುಚ್ಚಿತ್ತು. ಪೆಟ್ರೋಲು ಜಿನುಗುತ್ತದೆಂದು ಬೆಳಿಗ್ಗೆ ತಾನೇ ಮುಚ್ಚಿದ್ದ, ಹೊರಡುವ ಗಡಿಬಿಡಿಯಲ್ಲಿ ತೆರೆಯಲು ಮರೆತಿದ್ದ. ಕೊಳವೆಯಲ್ಲಿ ಉಳಿದಿದ್ದ ಪೆಟ್ರೋಲು ಒಂದು ಕಿಲೋಮೀಟರಿಗೆ ಸಾಕಾಗಿತ್ತು, ಅಷ್ಟೆ.

ದೂರದಲ್ಲಿ ಹೊಗೆ ತೆಳ್ಳಗಾಗುತ್ತಿತ್ತು. ಮೆದೆಯ ಪಕ್ಕದ ಕೊಟ್ಟಿಗೆಯ ಎರಡು ಎತ್ತುಗಳು ಬೆಂದುಹೋದದ್ದು ಅವನಿಗೆ ಆಮೇಲೆ ತಿಳಿಯಿತು. ಆಗ ಅವನು ಮಾಡಿದ್ದು ಇಷ್ಟು: ಕಾಕು ತೆರೆದ, ಪಂಪು ಬಿಚ್ಚಿ ಅಂಗಿಯೊಳಗೆ ಸೇರಿಸಿದ. ವಿಚಾರಣೆಯಲ್ಲಿ, ಪಂಪಿನ ಒಳಗೆ ಪೆಟ್ರೋಲು ಎಳೆಯುವ ಪೊರೆ ಹರಿದಿತ್ತು, ಬಿಚ್ಚಿ ನೋಡುವಾಗ ಕೈಜಾರಿ ಕಾಲುವೆಗೆ ಬಿತ್ತು ಎಂದ. ಅದಕ್ಕೆ ಮೂರು ವಾರ ಮೊದಲು ಆ ಪೊರೆ ಹೊಸದಾಗಿ ಕೂರಿಸಿದ್ದವನು ಒಬ್ಬ ದಿನಗೂಲಿ ಮೆಕ್ಯಾನಿಕ್. ಅವನಿಗೆ ನಾಳೆಯಿಂದ ಬರಬೇಡ ಎಂದರು. ಹೊಸ ಪಂಪು ಬರುವ ಮೊದಲೇ ಹೊಸ ಡೀಸೆಲ್ ಗಾಡಿ ಬಂತು. ಹಳೆಯದನ್ನು ಮತ್ತೆ ಯಾರೂ ಮುಟ್ಟಲಿಲ್ಲ.

ಕಾಲುವೆಗೆ ಎಸೆಯಲು ಹೊನ್ನಪ್ಪ ನಿಜವಾಗಿಯೂ ಎರಡು ಸಲ ಹೋಗಿದ್ದ. ಕೈ ಬರಲಿಲ್ಲ. ಪ್ರತಿ ವರ್ಷ ಆಯುಧಪೂಜೆಯ ದಿನ ಹಿತ್ತಿಲಲ್ಲಿ ಒಬ್ಬನೇ ಕೂತು ಅದಕ್ಕೆ ಎಣ್ಣೆ ಒರೆಸಿ, ಕುಂಕುಮ ಇಟ್ಟು, ಮತ್ತೆ ಸುತ್ತಿಡುತ್ತಿದ್ದ.

ಶ್ರೀರಂಗಪಟ್ಟಣದ ಗುಜರಿ ಅಂಗಡಿಯ ಸಾಹೇಬರು ಹೇಮಶ್ರೀ ಮೊಬೈಲಿನಲ್ಲಿ ತೋರಿಸಿದ ಚಿತ್ರವನ್ನು ದೂರ ಹಿಡಿದು ನೋಡಿದರು. "ಅರೆ, ಇದು ನಮ್ ಅಬ್ಬಾ ಕಾಲದ್ದು. ಅವ್ರು ಇದ್ದಿದ್ರೆ ಕಣ್ಮುಚ್ಕೊಂಡು ತೆಗ್ದು ಕೊಡ್ತಿದ್ರು. ಈಗ ಅಬ್ಬಾನೂ ಇಲ್ಲ, ಪಂಪೂ ಇಲ್ಲ ಮೇಡಂ. ಕೆ.ಆರ್. ಪೇಟೆ ಕಡೆ ಆಲೆಮನೇಲಿ ಇಂಥ ಎಂಜಿನ್ ಒಂದು ಓಡ್ತಾ ಇದೆ ಅಂತಾರೆ, ನೋಡಿ."

ಏಪ್ರಿಲ್ ಮೊದಲ ಭಾನುವಾರ ಅಲ್ಲಿಗೆ ಹೋದರು. ನಿಜವೇ. ಕಬ್ಬಿನ ಗಾಣದ ಪಕ್ಕದಲ್ಲಿ ಅದೇ ಬೆಡ್‌ಫೋರ್ಡ್ ಎಂಜಿನ್ನು ಗುಡುಗುತ್ತಿತ್ತು. ಹೊನ್ನಪ್ಪ ಮಗಳಿಗಿಂತ ಮೊದಲೇ ಅದರ ಹತ್ತಿರ ಹೋದ. ಬಗ್ಗಿ ನೋಡಿದ. ಪಂಪಿನ ಜಾಗಕ್ಕೆ ತಗಡು ಬಡಿದಿದ್ದರು. ಮೇಲೆ ಮರದ ಕಂಬಕ್ಕೆ ಪೆಟ್ರೋಲಿನ ಒಂದು ಕ್ಯಾನು ನೇತುಬಿದ್ದಿತ್ತು.

"ಮ್ಯಾಲಿಂದ ತಾನೇ ಸುರೀತದೆ, ಪಂಪ್ಯಾಕೆ?" ಎಂದ ಆಲೆಮನೆಯ ಲೋಕೇಶ. ಬಿಸಿ ಬೆಲ್ಲವನ್ನು ಕಬ್ಬಿನ ಸಿಪ್ಪೆಯ ಮೇಲೆ ಹಾಕಿ ಇಬ್ಬರ ಕೈಗೂ ಕೊಟ್ಟ. "ಕಿತ್ತು ಬಿಸಾಕಿ ಎಷ್ಟೋ ವರ್ಸ ಆಯ್ತು. ನೀವು ಒಂದ್ ಕೆಲ್ಸ ಮಾಡಿ, ನಾಗಮಂಗ್ಲಕ್ಕೋಗಿ. ಪುಟ್ಟಸ್ವಾಮಿ ಅಂತ ಒಬ್ನವ್ನೆ, ಪಂಚರ್ ಅಂಗ್ಡಿ. ಈ ಎಂಜಿನ್ ವಿಸ್ಯ ಅವ್ನಷ್ಟು ಯಾರ್ಗೂ ಗೊತ್ತಿಲ್ಲ. ಆದ್ರೆ ಮುಟ್ಟಾಕಿಲ್ಲ, ಬಾಯಲ್ಲೇ ಹೇಳ್ತಾನೆ. ಇಲ್ಗೂ ಬಂದು ಅಲ್ಲಿ ದೂರ ನಿಂತ್ಕೊಂಡು ಹೇಳ್ದ, ನಾವು ಜೋಡ್ಸುದೊ. ವಿಚಿತ್ರ ಆಸಾಮಿ."

"ಬ್ಯಾಡ ಮಗಾ, ಬಿಸ್ಲು," ಎಂದ ಹೊನ್ನಪ್ಪ.

"ಆರು ತಿಂಗ್ಳಿಂದ ಇಲ್ದೇ ಇರೋ ಬಿಸ್ಲು ಇವತ್ತು ಬಂತಾ?" ಎಂದು ಹೇಮಶ್ರೀ ಸ್ಕೂಟರ್ ತಿರುಗಿಸಿದಳು.

ಪುಟ್ಟಸ್ವಾಮಿ ತೊಟ್ಟಿಯ ನೀರಿನಲ್ಲಿ ಟ್ಯೂಬು ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ತಲೆಯೆತ್ತಿದವನು ಕೈಯನ್ನು ನೀರಿನಲ್ಲೇ ಬಿಟ್ಟು, ಹೊನ್ನಪ್ಪನನ್ನು ನೋಡಿದ.

"ಲೇ, ಹೊನ್ನಪ್ಪ! ಇನ್ನೂ ಬದ್ಕಿದ್ದೀಯೇನ್ಲಾ?"

"ಬದ್ಕಿವ್ನಿ ಕಣ್ಲಾ."

"ಕೂದ್ಲು ಮಾತ್ರ ಒಂಟೋಗವೆ. ಕೂತ್ಕೊ. ಈ ಅವ್ವ ಯಾರು, ಮಗ್ಳಾ?"

ಆ ಹಳೇ ಫೈರ್ ಗಾಡಿಗೆ ಪಂಪು ಬೇಕೆಂದು ಹೇಮಶ್ರೀ ಹೇಳಿದೊಡನೆ ಪುಟ್ಟಸ್ವಾಮಿಯ ನಗು ನಿಂತಿತು. ಆ ದಿನಗೂಲಿ ಮೆಕ್ಯಾನಿಕ್ ಈತನೇ ಎಂದು ಹೇಮಶ್ರೀಗೆ ಆಗ ತಿಳಿಯಿತು. ಅವಳ ಮುಖ ಗಂಟಿಕ್ಕಿದ್ದನ್ನು ಅವನೂ ನೋಡಿದ.

"ಊಂ ಕಣವ್ವ, ನಾನೇ. ನಿಮ್ಮಪ್ಪನ ತಪ್ಪೇನಿಲ್ಲ. ಅವತ್ತು ಅವ ರೋಡಲ್ಲಿ ಕೂತ್ಕೊಂಡು ಅಳ್ತಿದ್ನಂತೆ. ಪೊರೆ ಕೂರ್ಸುವಾಗ ನಾನೇ ಎಲ್ಲೋ ಸುಕ್ಕು ಬುಟ್ಟಿದ್ದೆ. ಎರಡೆತ್ತು ಬೆಂದೋದೊ. ಅದಾದ್ಮೇಲೆ ಎಂಜಿನ್ನಿಗೆ ಕೈ ಹಾಕ್ಲಿಲ್ಲ. ಟ್ಯೂಬಾದ್ರೆ ನೀರ್ಗಾಕುದ್ರೆ ಗೊತ್ತಾಯ್ತದೆ, ತಪ್ಪಿದ್ರೆ ಅಲ್ಲೇ ಗುಳ್ಳೆ ಬತ್ತದೆ." ಅವನು ಟ್ಯೂಬನ್ನು ಎತ್ತಿ ಒರೆಸಿದ. "ಒಂದೇ ಕೊರಗು. ಆ ಪಂಪು ಕಾಲುವೆಗೆ ಬಿದ್ದೋಯ್ತು. ಹರಿದಿದ್ದ ಪೊರೇನ ಒಂದ್ಸಲ ನೋಡಿದ್ರೆ ಎಲ್ಲಿ ತಪ್ಪುದೆ ಅಂತಾದ್ರೂ ತಿಳೀತಿತ್ತು."

ಹೊನ್ನಪ್ಪ ಅವನು ತರಿಸಿಕೊಟ್ಟಿದ್ದ ಟೀ ಲೋಟವನ್ನು ಕೆಳಗಿಟ್ಟ. ಹೇಳಬೇಕಾದದ್ದು ಒಂದು, ಹೇಳಿದ್ದು ಇನ್ನೊಂದು: "ಟೀಗೆ ಸಕ್ರೆ ಜಾಸ್ತಿಯಾಯ್ತು."

ಪಂಪು ಪುಟ್ಟಸ್ವಾಮಿಯ ಬಳಿಯೂ ಇರಲಿಲ್ಲ. ವಾಪಸು ಬರುವಾಗ ಹೇಮಶ್ರೀ ಹೆಲ್ಮೆಟ್ಟಿನೊಳಗಿಂದ ಕೂಗಿ ಹೇಳಿದಳು: "ಎಷ್ಟು ವರ್ಷ ಆ ಮನುಷ್ಯನ್ನ ಬೈಕೊಂಡಿದ್ದೆ ಅಪ್ಪಾ. ಪಾಪ."

ಮರುದಿನ ಬೆಳಿಗ್ಗೆ ಅವನು ಟ್ರಂಕು ತೆರೆಯುತ್ತಿದ್ದಾಗ ಹೆಂಡತಿ ಅಣ್ಣಮ್ಮ ಹಾಲಿನ ಕ್ಯಾನು ಹಿಡಿದುಕೊಂಡು ಬಾಗಿಲಲ್ಲಿ ನಿಂತಳು.

"ಆಯುಧಪೂಜೆ ಇನ್ನೂ ದೂರ ಅದೆ. ಇವತ್ಯಾಕೆ ದೇವ್ರನ್ನ ಎಬ್ಬುಸ್ತಿದೀರಿ?"

ಅವನು ಖಾಕಿ ಅಂಗಿಯನ್ನು ಹೊರಗೆ ತೆಗೆದ. ತೋಳಿನ ಗಂಟು ಬಿಚ್ಚಿ ನೋಡಿ, ಮತ್ತೆ ಕಟ್ಟಿ ಬ್ಯಾಗಿಗಿಟ್ಟ.

"ಹೇಮ ಹುಡುಕ್ತಾ ಇರೋದು ಅದೇನಾ?" ಎಂದಳು ಅಣ್ಣಮ್ಮ. ಕ್ಯಾನು ಕೆಳಗಿಟ್ಟು, "ನಂಗೇನು ಗೊತ್ತಾಯ್ತದೆ ಗಾಡಿ ಸಾಮಾನು. ಆದ್ರೂ ಕೇಳ್ದೆ," ಎಂದು ಒಳಗೆ ಹೋಗಿ ಎರಡು ರೊಟ್ಟಿ ಕಟ್ಟಿ ತಂದು ಬ್ಯಾಗಿಗೆ ಹಾಕಿದಳು.

ನಾಗಮಂಗಲದ ಬಸ್ಸು ಪಾಂಡವಪುರದಲ್ಲಿ ಐದು ನಿಮಿಷ ನಿಂತಿತು. ಐಟಿಐ ನಡೆದು ಹೋಗುವಷ್ಟು ಹತ್ತಿರ. ಹೊನ್ನಪ್ಪ ಸೀಟು ಬಿಟ್ಟೇಳಲಿಲ್ಲ. ಮೊದಲು ಯಾರಿಗೆ ಸಲ್ಲಬೇಕೋ ಅವನಿಗೆ. ಬ್ಯಾಗು ತೊಡೆಯ ಮೇಲೆ ಭಾರವಾಗಿ, ಬೆಚ್ಚಗೆ ಕೂತಿತ್ತು.

ಪುಟ್ಟಸ್ವಾಮಿ ಅಂಗಡಿ ಆಗತಾನೇ ತೆಗೆದಿದ್ದ. ಗಾಳಿ ತುಂಬುವ ಯಂತ್ರ ದಡದಡ ಓಡುತ್ತಿತ್ತು. ಹೊನ್ನಪ್ಪ ಅಂಗಿಯ ಗಂಟನ್ನು ಸ್ಟೂಲಿನ ಮೇಲಿಟ್ಟು ಬಿಚ್ಚಿದ.

ಪುಟ್ಟಸ್ವಾಮಿ ಪಂಪನ್ನು ನೋಡಿದ. ಕೈ ತೊಳೆದುಕೊಂಡು ಬಂದ. ಟವೆಲ್ಲಿನಿಂದ ಒಂದೊಂದೇ ಬೆರಳು ಒರೆಸಿಕೊಂಡು ಕೂತು, ಎತ್ತಿ ಹಿಡಿದು ಕುಂಕುಮ ಮೆತ್ತಿ ಮೆತ್ತಿ ಗಟ್ಟಿಯಾಗಿದ್ದ ಅದರ ತಲೆಯನ್ನು ಉಗುರಿನಿಂದ ಕೆರೆದ. ಪದರು ಪದರಾಗಿ ಉದುರಿತು.

"ಪೂಜೆ ಬ್ಯಾರೆ ಮಾಡಿದ್ದೀಯಲ್ಲೋ, ಬಡ್ಡಿಮಗ್ನೆ."

ಸ್ಕ್ರೂಗಳನ್ನು ಬಿಚ್ಚಿದ. ಮುಚ್ಚಳ ಎತ್ತಿದ. ಒಳಗೆ ಪೊರೆ ಕಂದು ಬಣ್ಣಕ್ಕೆ ತಿರುಗಿತ್ತು, ಎಲ್ಲೂ ಹರಿದಿರಲಿಲ್ಲ. ಸುಕ್ಕು ಇರಲಿಲ್ಲ. ಅವನು ಅದರ ಅಂಚಿನ ಸುತ್ತ ಬೆರಳು ಆಡಿಸಿದ, ಇನ್ನೊಂದು ಸುತ್ತು ಆಡಿಸಿದ. ಮತ್ತೆ ಮುಚ್ಚಿ ಬಿಗಿದು, ಪೆಟ್ರೋಲು ಒಳಬರುವ ತೂತಿಗೆ ಹೆಬ್ಬೆರಳು ಒತ್ತಿ, ಪಕ್ಕದ ಪುಟ್ಟ ಕಡ್ಡಿಯನ್ನು ನಾಲ್ಕು ಸಲ ಒತ್ತಿ ಬಿಟ್ಟ. ಪಂಪು ಹೆಬ್ಬೆರಳನ್ನು ಎಳೆದು ಹಿಡಿದುಕೊಂಡಿತು. ಅವನು ಕೈ ಮೇಲೆತ್ತಿದರೂ ಅದು ಬೀಳದೆ ಬೆರಳಿಗೆ ಕಚ್ಚಿಕೊಂಡು ಕ್ಷಣಕಾಲ ನೇತಾಡಿತು.

"ಕಾಕು ಮುಚ್ಚಿತ್ತು," ಎಂದ ಹೊನ್ನಪ್ಪ. "ನಾನೇ ಮುಚ್ಚಿದ್ದೆ."

ಒಬ್ಬ ಬೈಕಿನವನು ಬಂದು ಗಾಳಿ ಬೇಕೆಂದ. ಪುಟ್ಟಸ್ವಾಮಿ ಮುಂದಿನ ಅಂಗಡಿಗೆ ಹೋಗೆಂದು ಕೈಯಲ್ಲೇ ತೋರಿಸಿದ.

"ಎಷ್ಟು ಪಂಚರ್ ಹಾಕಿವ್ನಿ ಗೊತ್ತೇನ್ಲಾ ನಾನು?"

ಹೊನ್ನಪ್ಪ ತಲೆ ತಗ್ಗಿಸಿದ. "ಬೈಯ್ಲಾ. ಒಡೀಬೇಕು ಅನ್ಸುದ್ರೆ ಒಡಿ."

"ಬೈತೀನಿ, ಇರು. ಒಂದಿನಕ್ಕೆ ಮುಗಿಯೋ ಬೈಗುಳ ಅಲ್ಲ ಅದು. ಬುಧವಾರ ಬತ್ತೀನಿ ಪಾಂಡವಪುರಕ್ಕೆ. ಇದ್ನ ಕೂರ್ಸೋನು ನಾನೇ, ಇನ್ಯಾರೂ ಮುಟ್ಟಂಗಿಲ್ಲ." ಅವನು ಪಂಪನ್ನು ತನ್ನ ಕಡೆಗೆ ಎಳೆದುಕೊಂಡ. "ಆ ನಿನ್ ಮಗ್ಳಿಗೆ ಗೊತ್ತಾ?"

"ಇಲ್ಲ."

"ಫೋನ್ ಮಾಡು."

"ಸಂಜೆ ಮನೆಗೋದ್ಮೇಲೆ..."

"ಈಗ ಮಾಡು. ನನ್ ಮುಂದೆ."

ಹೊನ್ನಪ್ಪ ಕನ್ನಡಕ ಹುಡುಕಿ ಹಾಕಿಕೊಂಡು ನಂಬರು ಒತ್ತಿದ. ಆ ಕಡೆ ತರಗತಿಯ ಸುತ್ತಿಗೆಯ ಸದ್ದು.

"ಏನಪ್ಪಾ? ಕ್ಲಾಸಲ್ಲಿದೀನಿ."

"ಪಂಪು ಸಿಕ್ತು ಮಗಾ."

"ಏನು? ನಿಜವಾಗ್ಲೂ? ಎಲ್ಲಿ? ಪುಟ್ಟಸ್ವಾಮಿ ಮಾಮ ಹುಡುಕುದ್ರಾ?"

ಹೌದು ಎಂದರೆ ಮುಗಿಯುತ್ತಿತ್ತು. ಹೊನ್ನಪ್ಪ ಪುಟ್ಟಸ್ವಾಮಿಯ ಕಡೆ ನೋಡಿದ. ಅವನು ನೋಡಲಿಲ್ಲ. ಪಂಪಿಗೆ ಮತ್ತೆ ಹೆಬ್ಬೆರಳು ಕೊಟ್ಟುಕೊಂಡು ಕೂತಿದ್ದ.

"ಇಲ್ಲ. ನಮ್ಮನೇಲೇ ಇತ್ತು. ನನ್ ಟ್ರಂಕಲ್ಲಿ."

ಸುತ್ತಿಗೆಯ ಸದ್ದು ದೂರವಾಯಿತು. ಅವಳು ಹೊರಗೆ ಬಂದಿರಬೇಕು.

"ಯಾವಾಗಿಂದ ಅಪ್ಪಾ?"

ಪುಟ್ಟಸ್ವಾಮಿ ಎದ್ದುಹೋಗಿ ಗಾಳಿ ಯಂತ್ರದ ಸ್ವಿಚ್ಚು ಆರಿಸಿದ. ಅಂಗಡಿಯೊಳಗೆ ಸದ್ದು ಇಳಿಯಿತು. ಹೊನ್ನಪ್ಪ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಅವತ್ತು ಒತ್ತಾರೆ ಕಾಕು ಜಿನುಗ್ತಿತ್ತು ಮಗಾ," ಎಂದು ಶುರುಮಾಡಿದ.