ಮಾಲಿನಿಯ ಮೈಲೇಜು

ಆ ದೊಡ್ಡ ಐಷಾರಾಮಿ ಕಾರು ಧರ್ಮೇಶನ ಕೈಯಲ್ಲಿ ಲೀಟರಿಗೆ ಏಳು ಕಿಲೋಮೀಟರ್ ದಾಟಿದ್ದೇ ಇಲ್ಲ. ಹೆಂಡತಿ ಮಾಲಿನಿ ಓಡಿಸಿದರೆ ಮಾತ್ರ ಹನ್ನೊಂದು. "ನಿಮ್ ಸಿಟ್ಟೆಲ್ಲ ಆಕ್ಸಿಲರೇಟರ್ ಮೇಲೆ ತೀರಿಸ್ಕೋಬೇಡ್ರೀ" ಎಂದು ನಗುತ್ತಿದ್ದಳು. ಅವಳು ತೀರಿಕೊಂಡ ಮೇಲೂ ಸರಾಸರಿ ಮೈಲೇಜು ತೋರಿಸುವ ಕಾರಿನ ಮೀಟರಿನಲ್ಲಿ ಅವಳ ಹನ್ನೊಂದು ಹಾಗೇ ಉಳಿದಿತ್ತು. ತಾನು ಓಡಿಸಿದರೆ ಅದೆಲ್ಲಿ ಇಳಿದೀತೋ ಎಂದು ಧರ್ಮೇಶ ಬೇಲೂರಿಗೂ ಬಸ್ಸಿನಲ್ಲೇ ಓಡಾಡಿದ.

ಇಂದು ಭಾಮೈದ ರವಿಕುಮಾರ, ನಿಂತಲ್ಲೇ ನಿಂತು ಕಾರು ಕೆಟ್ಟೀತೆಂದು, ಜಾವಗಲ್‌ವರೆಗೆ ಓಡಿಸಿಕೊಂಡು ಬಂದ.

"ಫುಲ್ ಟ್ಯಾಂಕ್ ಡೀಸೆಲ್ ಹಾಕ್ಸಿದೀನಿ ಭಾವ. ಮೈಲೇಜ್ ಸರ್ಯಾಗಿ ಗೊತ್ತಾಗ್ಲಿ ಅಂತ ಮೀಟ್ರೂ ಸೊನ್ನೆ ಮಾಡಿದೀನಿ."

ಧರ್ಮೇಶ ಬಗ್ಗಿ ಸೊನ್ನೆಯಾದ ಮೀಟರನ್ನು ನೋಡಿದ. ಮಾಲಿನಿ ಓಡಿಸುವಾಗ ತಾನು ಕೂರುತ್ತಿದ್ದ ಎಡಗಡೆ ಸೀಟಿಗೆ ಹತ್ತಿ ಕೂತ.

"ನಿಮ್ಮಕ್ಕನ ಥರ ನಿಧಾನಕ್ಕೆ ಓಡ್ಸೋ ರವಿ," ಎಂದ. "ಹನ್ನೊಂದು ಬರೋಗಂಟ ಮನೆಗೆ ಬರೋದ್ ಬ್ಯಾಡ."