ಒಂಬತ್ತನೆಯ ಗೆರೆ

ದೋಣಿ ಕಡವಿನ ಆ ಗೋಡೆಯನ್ನು ನಾನು ನೋಡಿಯೇ ಇರಲಿಲ್ಲ. ನೋಡದೆಯೇ ಒಬ್ಬ ಮನುಷ್ಯನ ಕೆಲಸ ತೆಗೆಸಿದೆ. ಅದೂ ಎಂಥ ಜಂಬದಿಂದ!

ಅಪ್ಪ ಮೂವತ್ತು ವರ್ಷದಿಂದ ದೋಣಿ ನಡೆಸುತ್ತಿದ್ದ. ಸಂಜೆ ದೋಣಿ ಈಚೆ ದಡದಲ್ಲಿ ನಿಂತರೆ ಅದನ್ನು ಕಟ್ಟುವ ಹೊಣೆ ಅಪ್ಪನದು. ಆಚೆ ದಡದಲ್ಲಿ ನಿಂತರೆ ಅಲ್ಲಿನ ಕಾವಲುಗಾರನದು. ಅಂಥ ದಿನ ಅಪ್ಪ ಸೇತುವೆ ಸುತ್ತಿಕೊಂಡು ನಡೆದೇ ಮನೆಗೆ ಬರುತ್ತಿದ್ದ. ಆ ಕಾವಲುಗಾರನನ್ನು ನಾನು ಚಿಕ್ಕಂದಿನಿಂದ ಆಚೆದಡದ ಮಾಮ ಅಂತಲೇ ಕರೆಯುತ್ತಿದ್ದೆ. ಒಂದು ಬೆಳಿಗ್ಗೆ ನೋಡಿದರೆ ದೋಣಿ ಎರಡು ದಡದಲ್ಲೂ ಇಲ್ಲ. ಕಟ್ಟದೆ ಬಿಟ್ಟದ್ದು ತೇಲಿಕೊಂಡು ಹೋಗಿ, ಸೇತುವೆಯ ಕಂಬಕ್ಕೆ ಬಡಿದು ಎರಡು ಹೋಳಾಗಿತ್ತು. ಹಿಂದಿನ ಸಂಜೆ ಜೋರು ಗಾಳಿ, ದಡದಲ್ಲಿ ಬೇರೆ ಯಾರೂ ಇರಲಿಲ್ಲ. ಇಬ್ಬರಲ್ಲಿ ಒಬ್ಬರ ಅನ್ನಕ್ಕೆ ಕಲ್ಲು ಬೀಳುವುದು ಖಂಡಿತವಾಯಿತು.

ಮಧ್ಯಾಹ್ನ ಅಪ್ಪ ತಟ್ಟೆಯ ಮುಂದೆ ಸುಮ್ಮನೆ ಕೂತಿದ್ದ.

"ಕೊನೆಗೆ ಯಾವ ಕಡೆ ಬಿಟ್ಟೆ ಅಂತ ನೆನಪೇ ಬರ್ತಿಲ್ಲ ಕಣೇ."

ನಾನು ಶಾಲೆಯಲ್ಲಿ ಲೆಕ್ಕದ ಟೀಚರ್. ಅಪ್ಪನಿಗೆ ಸಹಾಯ ಮಾಡಬೇಕು ಅನ್ನುವ ಆಸೆ ಎಷ್ಟಿತ್ತೋ, ನನ್ನ ಬುದ್ಧಿ ತೋರಿಸಬೇಕು ಅನ್ನುವ ಆಸೆಯೂ ಅಷ್ಟೇ ಇತ್ತು.

"ನೆನಪು ಯಾಕಪ್ಪ ಬೇಕು? ನಿನ್ನೆ ಬೆಳಿಗ್ಗೆ ದೋಣಿ ಈ ಕಡೆ ಇತ್ತು ತಾನೆ?"

"ಇತ್ತು. ನಿಮ್ಮ ಶಾಲೆ ಮಕ್ಕಳೇ ಹತ್ತಿದ್ರಲ್ಲ."

"ಒಂದ್ಸಲ ಹಾಯ್ದ್ರೆ ಆ ಕಡೆ, ಎರಡು ಸಲ ಹಾಯ್ದ್ರೆ ಈ ಕಡೆ. ಸಮ ಸಂಖ್ಯೆ ಆದ್ರೆ ದೋಣಿ ಇಲ್ಲಿ, ಬೆಸ ಆದ್ರೆ ಅಲ್ಲಿ. ಇದನ್ನ ಯಾರೂ ಹೋಗಿ ನೋಡ್ಬೇಕಾಗಿಲ್ಲ, ಕೂತಲ್ಲೇ ಗೊತ್ತಾಗುತ್ತೆ. ಹಾಯ್ದಿದ್ದಕ್ಕೆಲ್ಲ ಗೋಡೆ ಮೇಲೆ ಗೆರೆ ಎಳೀತೀಯಲ್ಲ, ನಿನ್ನೇದು ಎಷ್ಟಿದೆ?"

ಅಪ್ಪ ನನ್ನ ಮುಖವನ್ನೇ ನೋಡಿದ. "ಬೆಸ ಇದ್ರೆ ದೋಣಿ ಆ ಕಡೆ ಇತ್ತು ಅಂತ ಆಗುತ್ತಾ?"

"ಆಗಲೇಬೇಕು."

"ನೋಡ್ಕೊಂಡು ಬರ್ತೀನಿ" ಎಂದು ಅರ್ಧ ಊಟದಲ್ಲೇ ಎದ್ದ. ಗಂಟೆ ಬಿಟ್ಟು ಬಂದವನು ಮೊದಲು ಬಚ್ಚಲಿಗೆ ಹೋಗಿ ಕೈ ತೊಳೆದುಕೊಂಡ. ಆಮೇಲೆ, "ಒಂಬತ್ತು" ಎಂದ. ನಾನು ಚಪ್ಪಾಳೆ ತಟ್ಟಿದೆ.

ವಿಚಾರಣೆಯ ದಿನ ಅಪ್ಪನ ಜೊತೆ ನಾನೂ ಹೋಗಿ ಲೆಕ್ಕ ಒಪ್ಪಿಸಿದೆ. ಕಡವಿನ ಕಚೇರಿಯ ಸಾಹೇಬರು ಗುಮಾಸ್ತನನ್ನು ಕಳಿಸಿ ಗೆರೆಗಳ ಎಣಿಕೆ ಮಾಡಿಸಿದರು. ಒಂಬತ್ತೇ. ಆಚೆದಡದ ಮಾಮ ಕೈಕಟ್ಟಿ ನಿಂತಿದ್ದ.

"ದೋಣಿ ಇವರ ದಡದಲ್ಲೇ ಇತ್ತು ಸ್ವಾಮಿ, ಕಣ್ಣಾರೆ ಕಂಡಿದೀನಿ. ಅದಕ್ಕೇ ನಾನು ಮನೆಗೆ ಹೋದೆ."

"ನೀವು ನೋಡಿದ್ರೇನಮ್ಮ?" ಎಂದು ಸಾಹೇಬರು ನನ್ನನ್ನು ಕೇಳಿದರು.

"ನೋಡೋ ಅಗತ್ಯ ಇಲ್ಲ ಸಾರ್. ಗಾಳಿಯಲ್ಲಿ, ಮಬ್ಬಿನಲ್ಲಿ ಕಣ್ಣು ಮೋಸ ಹೋಗಬಹುದು. ಒಂಬತ್ತು ಯಾವತ್ತೂ ಸಮ ಸಂಖ್ಯೆ ಆಗಲ್ಲ."

ಸಾಹೇಬರು ಮೇಜಿನ ಮೇಲೆ ಪೆನ್ಸಿಲನ್ನು ಆಚೆಗೂ ಈಚೆಗೂ ಒಂಬತ್ತು ಸಲ ಸರಿಸಿ ನೋಡಿ, ತಲೆದೂಗಿದರು. ಮಾಮನ ಕೆಲಸ ಹೋಯಿತು. ಕೆಲಸದ ಜೊತೆಗೆ ಕೊಟ್ಟಿದ್ದ ಕೋಣೆಯೂ ಹೋಯಿತು.

ಕೋಣೆ ಖಾಲಿ ಮಾಡುವ ದಿನ ಮುಖ ತೋರಿಸಿ ಬರೋಣ ಎಂದು ಹೋದೆ. ಬೈದಿದ್ದರೆ ಚೆನ್ನಾಗಿತ್ತು. ಅವನು ಹಾಸಿಗೆಗೆ ಹಗ್ಗ ಬಿಗಿಯುತ್ತಾ, "ನಿನ್ನ ಲೆಕ್ಕ ಸರಿನೇ ಇರ್ಬೇಕು ಮಗಳೇ, ನಾನು ಓದಿದವನಲ್ಲ. ಆದ್ರೆ ಒಂದ್ಸಲ ಹೋಗಿ ಆ ಗೋಡೆ ನೋಡ್ಬಾರ್ದಿತ್ತಾ?" ಎಂದ.

ಅಲ್ಲಿಂದ ನೇರ ಕಡವಿನ ಗುಡಿಸಲಿಗೆ ಹೋದೆ. ಈಚೆ ದಡದಲ್ಲಿ ಗೋಡೆ, ಮೊಳೆಗೆ ದಾರ ಕಟ್ಟಿ ನೇತುಹಾಕಿದ ಸೀಮೆಸುಣ್ಣ. ದಿನಕ್ಕೊಂದು ಸಾಲು, ತಿಂಗಳುಗಟ್ಟಲೆ ಸಾಲು. ಪ್ರತಿ ಸಾಲಿನಲ್ಲೂ ಗೆರೆಗಳು ಜೋಡಿ ಜೋಡಿ. ಹೋಗುವಾಗ ಅಪ್ಪ ಗೆರೆ ಎಳೆಯುತ್ತಲೇ ಇರಲಿಲ್ಲ. ಹೋಗಿ ಬಂದ ಮೇಲೆ ಎರಡನ್ನೂ ಒಟ್ಟಿಗೆ ಎಳೆಯುತ್ತಿದ್ದ. ಆ ದಿನದ ಸಾಲಿನಲ್ಲಿ ನಾಲ್ಕು ಜೋಡಿ, ಪಕ್ಕದಲ್ಲಿ ಒಂದು ಒಂಟಿ ಗೆರೆ. ಇಡೀ ಗೋಡೆಯಲ್ಲಿ ಒಂಟಿ ಗೆರೆ ಅದೊಂದೇ.

ದೋಣಿ ಆಚೆ ಇದ್ದಿದ್ದರೆ ಅಪ್ಪನೂ ಆಚೆಯೇ. ಸೀಮೆಸುಣ್ಣ ಮಾತ್ರ ಇಲ್ಲಿ. ಆ ಸಂಜೆ ಒಂಬತ್ತನೆಯ ಗೆರೆ ಎಳೆಯಲು ಇಲ್ಲಿ ಯಾರೂ ಇರುತ್ತಿರಲಿಲ್ಲ. ಇಷ್ಟು ತಿಳಿಯಲು ಲೆಕ್ಕದ ಟೀಚರ್ ಆಗಬೇಕಿರಲಿಲ್ಲ, ಹತ್ತು ನಿಮಿಷ ನಡೆದು ಬರಬೇಕಿತ್ತು. ನನ್ನ ಮೇಲೆ ನನಗೇ ಅಸಹ್ಯವಾಯಿತು.

ಅಪ್ಪ ಕೆಳಗೆ ಹೊಸ ದೋಣಿಗೆ ಬಣ್ಣ ಬಳಿಯುತ್ತಿದ್ದ.

"ಆ ಒಂಟಿ ಗೆರೆ ಯಾವಾಗ ಎಳೆದೆ ಅಪ್ಪ?"

ಅವನು ಬ್ರಷ್ ನಿಲ್ಲಿಸಲಿಲ್ಲ, ತಲೆಯನ್ನೂ ಎತ್ತಲಿಲ್ಲ.

"ಬೆಸ ಬೇಕು ಅಂತ ನೀನೇ ಹೇಳಿದ್ದಲ್ವಾ ಮಗಳೇ?"

ಮಾರನೆಯ ದಿನ ಕಚೇರಿಗೆ ಹೋಗಿ ಎಲ್ಲವನ್ನೂ ಹೇಳಿದೆ. ಅಪ್ಪನನ್ನು ಕರೆಸಿದರೆ ಅವನು, ತಾನು ಹಾಗೇನೂ ಅಂದೇ ಇಲ್ಲ ಎಂದು ಸಾಧಿಸಿದ. ಸಾಹೇಬರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇವರು ಗೆರೆ ಎಳೆಯೋದನ್ನ ನೀವು ನೋಡಿದ್ರೇನಮ್ಮ?"

ಇಲ್ಲ ಎಂದೆ. ಅವರು ಫೈಲು ಮುಚ್ಚಿದರು.